ಸೋಪಿನ ತುಂಡಿನ ಮೇಲೆ ನಾಲ್ಕು ಸೂಜಿ

ಐದು ಹಳೆಯ ಸೀರೆ ಮಡಿಸಿ ಹನ್ನೆರಡು ದಿನ ಹೊಲಿದರೂ ಕೌದಿ ಕೌದಿಯಂತೆ ಕಾಣುತ್ತಿರಲಿಲ್ಲ. ನಡುವೆ ಬಿಗಿದು, ಸುತ್ತಲೂ ಉಬ್ಬಿ, ಹಂಚಿನ ಮೇಲೆ ಮುನಿಸಿಕೊಂಡ ರೊಟ್ಟಿಯ ಹಾಗಿತ್ತು. ವಿದ್ಯಾವತಿ ಅದನ್ನು ಪಡಸಾಲೆಯ ನೆಲಕ್ಕೆ ಹಾಸಿ ಅಂಗೈಯಿಂದ ಒತ್ತಿದಳು. ಒತ್ತಿದಲ್ಲಿ ಇಳಿಯಿತು, ಪಕ್ಕದಲ್ಲಿ ಎದ್ದಿತು. ಅಲ್ಲಿ ಒತ್ತಿದಳು. ಇಲ್ಲಿ ಎದ್ದಿತು.

ಎಲ್ಲಾ ತನ್ನ ಬಾಯಿಯಿಂದಲೇ ಆದದ್ದು. ತವರಾದ ಯೆಣೆಗೂರಿನಲ್ಲಿ ತಮ್ಮ ಗುರುಶಾಂತನಿಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹೆಣ್ಣು ಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕೆಳಗೆ ಸೋದರತ್ತೆಯ ಕೌದಿ ಹಾಸುವುದು ಅವರ ಮನೆಯ ಪದ್ಧತಿ. ತಮ್ಮನ ಹೆಂಡತಿ ಮೀನಲ ಫೋನಿನಲ್ಲಿ, "ಅಕ್ಕಾ, ನೀವ್ಯಾಕ ತ್ರಾಸ ತಗೋತೀರಿ? ಉದಗೀರದಾಗ ರೆಡಿಮೇಡ್ ಸಿಗತಾವ," ಎಂದಿದ್ದಳು. ಅಷ್ಟಕ್ಕೇ ಮುಗಿಯಬೇಕಿತ್ತು. ಹಿಂದಿನಿಂದ ಗುರುಶಾಂತ, "ಆಕಿಗಿ ಅಂಗಿ ಗುಂಡಿ ಹಚ್ಚಲಿಕ್ಕೇ ಬರಲ್ಲ!" ಎಂದು ನಕ್ಕದ್ದು ಕೇಳಿಸಿತು. "ನನ್ನ ಕೈಲೇ ಹೊಲದು ತರ್ತೀನಿ," ಎಂದುಬಿಟ್ಟಳು ವಿದ್ಯಾವತಿ.

ಉಮರಗಾದಲ್ಲಿ ಬಿ.ಎ. ಮುಗಿಸಿದವಳು. ಪುಸ್ತಕ ನೋಡಿ ಮೈಸೂರು ಪಾಕ್ ಕಲಿತಿದ್ದಳು, ಫೋನು ನೋಡಿ ನಲ್ಲಿಯ ವಾಶರ್ ಹಾಕಿದ್ದಳು. ಕೌದಿಯೇನು ಮಹಾ? ಆದರೆ ಗಂಡ ಧನರಾಜನಿಗೆ ಕೌದಿಯ ಸೂಜಿ ತನ್ನಿ ಎಂದರೆ ನಿಲಂಗಾದ ಧಾನ್ಯದ ಪೇಟೆಯಿಂದ ಚೀಲ ಹೊಲಿಯುವ ದಬ್ಬಣ ತಂದುಕೊಟ್ಟ. "ಇದರಾಗ ದಾರ ಬೇಗ ಏರಿಸಬಹುದು," ಎಂದು ಹೆಮ್ಮೆಯಿಂದ ಹೇಳಿದ. ಕೊನೆಗೆ ಅವಳೇ ಹೋಗಿ ಐದು ಸೂಜಿಯ ಪಾಕೀಟು ತಂದಳು. ಮೊದಲ ದಿನವೇ ಒಂದು ಸೂಜಿ ಪಟ್ಟನೆ ಮುರಿಯಿತು. ಕಣ್ಣಿನ ಕಡೆಯ ತುಂಡು ಕೈಯಲ್ಲಿ ಉಳಿಯಿತು, ಮೊನೆ ಎಲ್ಲೋ ಹಾರಿತು. ನೆಲವನ್ನು ಎರಡು ಸಲ ಗುಡಿಸಿ, ಕಸವನ್ನು ಕಾಗದದಲ್ಲಿ ಸುತ್ತಿ ಎಸೆದಳು. ಉಳಿದ ನಾಲ್ಕನ್ನು ಸವೆದ ಸೋಪಿನ ತುಂಡಿಗೆ ಚುಚ್ಚಿಟ್ಟಳು. ಗ್ಯಾಸಿನ ನಾಬನ್ನು ಮೂರು ಸಲ ಮುಟ್ಟಿ ನೋಡುವ ಹೆಂಗಸು ಅವಳು. ದಿನಾ ಸಂಜೆ ಸೂಜಿ ಎಣಿಸದೆ ಏಳುತ್ತಿರಲಿಲ್ಲ.

ಭಾನುವಾರ ತೊಟ್ಟಿಲ ಕಾರ್ಯ. ಬುಧವಾರ ಮಧ್ಯಾಹ್ನ ಓಣಿಯವರೆಲ್ಲಾ ಮರಾಠಿಯಲ್ಲಿ ಕಾಕು, ಚಿಕ್ಕಮ್ಮ, ಎನ್ನುವ ಪಕ್ಕದ ಮನೆಯ ಕಸ್ತೂರಬಾಯಿ ಕರೆಯದೆಯೇ ಬಂದು, ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತರು. ವಲಾಂಡಿಯ ಒಕ್ಕಲುಮನೆಯವರು, ಅರವತ್ತು ದಾಟಿದವರು, ಕೌದಿಗಳ ಮೇಲೆ ಕೌದಿ ಹೊಲಿದವರು.

"ಕಾಯ ಗ ವಿದ್ಯಾ, ಇದೇನ ಕೌದ್ಯೋ, ಜ್ವಾಳದ ಚೀಲೋ?"

"ಕಾಕು, ಇನ್ನಾ ಮುಗದಿಲ್ರೀ."

"ಮುಗದರೂ ಹಿಂಗೇ ಇರ್ತದ. ನಡುವಿಂದ ಸುರು ಮಾಡೀಯೇನು?"

"ವಿಡಿಯೋದಾಗ ನಡುವಿಂದೇ ತೋರಿಸ್ಯಾರ."

"ವಿಡಿಯೋದಾಕಿ ಕೂಸಿಗಿ ಆಕಿ ಹೊಲೀಲಿ. ನಮ್ಮ ಕೌದಿ ಮೂಲಿಯಿಂದ ಹಿಡೀಬೇಕು. ಅಂಚು ಸುತ್ತಿ ಸುತ್ತಿ, ಅರಿವಿ ಎಳಕೊಂತ ಒಳಗ ಬರಬೇಕು. ಹೊಲದಾಗ ಕುಂಟಿ ನಡುವಿಂದ ಹೊಡೀತಾರೇನು ಯಾರರ? ಸರಿ ಆ ಕಡಿ."

ಕಸ್ತೂರಬಾಯಿ ಒಂದು ಸೂಜಿ ಕಿತ್ತು, ಎಣ್ಣೆಗೂದಲಲ್ಲಿ ಒಮ್ಮೆ ಎಳೆದು, ಎರಡು ಸಾಲು ಹಾಕಿದರು. ಬಿತ್ತಿದ ಜೋಳದ ಸಾಲಿನ ಹಾಗೆ ನೆಟ್ಟಗೆ, ಒಂದೇ ಅಳತೆಗೆ. ಪಕ್ಕದಲ್ಲಿ ವಿದ್ಯಾವತಿಯ ಸಾಲು ಕುರಿ ಹಿಂಡಿನ ಹಾಗೆ ಚದುರಿತ್ತು. ಅಷ್ಟರಲ್ಲಿ ಗೋಡೆಯಾಚೆ ಕುಕ್ಕರು ಕೂಗಿತು. "ಅಗ್ಗಬಾಯಿ, ನನ್ನ ಬ್ಯಾಳಿ!" ಎನ್ನುತ್ತಾ ಕಸ್ತೂರಬಾಯಿ ಎದ್ದು ಓಡಿದರು.

ಸಂಜೆ ದೇವರ ಮುಂದೆ ದೀಪ ಹಚ್ಚಿ ಬಂದು ವಿದ್ಯಾವತಿ ಸೂಜಿ ಎಣಿಸಿದಳು. ಮೂರು.

ಮತ್ತೆ ಎಣಿಸಿದಳು. ಸೋಪನ್ನು ತಿರುಗಿಸಿದಳು. ಚಾಪೆ ಕೊಡವಿದಳು, ತನ್ನ ಸೀರೆ ಕೊಡವಿದಳು, ನೆಲದ ಮೇಲೆ ಟಾರ್ಚು ಬಿಟ್ಟು ಅಂಗೈಯಾಡಿಸಿದಳು. ಮೂರೇ. ನಾಲ್ಕನೆಯದು ಇರಬಹುದಾದ ಜಾಗ ಒಂದೇ ಉಳಿಯಿತು: ಐದು ಹಳೆಯ ಸೀರೆಗಳ ಆ ಮಡಿಕೆಯ ಒಳಗೆ. ಭಾನುವಾರ ಅದರ ಮೇಲೆ ಹದಿನೆಂಟು ದಿನದ ಕೂಸು ಬೆನ್ನು ಊರುತ್ತದೆ. ಗಂಡನನ್ನು ಕರೆದು ಹೇಳಿದಳು.

"ಎಲ್ಲರ ಬಿದ್ದಿರ್ತದ ಬಿಡು," ಎಂದ ಧನರಾಜ. ಅವಳು ನೋಡಿದ ನೋಟಕ್ಕೆ ಎದ್ದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮಾವಿನ ಹಣ್ಣಿನ ಅಯಸ್ಕಾಂತ ತಂದು ಕೌದಿಯ ಮೇಲೆ ಆಡಿಸಿದ. ಲೈಟ್ ಬಿಲ್ಲಿನ ಕಾಗದವನ್ನೇ ಹಿಡಿಯಲಾರದ ಅಯಸ್ಕಾಂತ ಅದು.

ವಿದ್ಯಾವತಿ ಹಿತ್ತಲ ಗೋಡೆಯ ಬಳಿ ಹೋಗಿ ಕೂಗಿದಳು. "ಕಾಕು, ನನ್ನದೊಂದು ಸೂಜಿ ನೋಡೀರೇನ್ರೀ?"

ಕಸ್ತೂರಬಾಯಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಯವ್ವಾ! ದೀಪ ಹಚ್ಚ್ಯಾದ. ಅದರ ಹೆಸರು ತಗೀಬ್ಯಾಡ!"

ಆ ಓಣಿಯಲ್ಲಿ ದೀಪ ಹಚ್ಚಿದ ಮೇಲೆ ಸೂಜಿ ಕೊಡುವವರಿಲ್ಲ, ಬೇಡುವವರಿಲ್ಲ. ಕಿರಾಣಿ ಅಂಗಡಿಯವನೂ ಇಲ್ಲವೆಂದು ತಲೆಯಾಡಿಸುತ್ತಾನೆ. ವಿದ್ಯಾವತಿಗೆ ಗೊತ್ತಿರದ ಮಾತೇನಲ್ಲ. ಆದರೆ ಇದು ಕೂಸಿನ ಬೆನ್ನಿನ ಪ್ರಶ್ನೆ.

"ಕೊಡಬ್ಯಾಡ್ರಿ. ನೋಡೀರೋ ಇಲ್ಲೋ, ಅಷ್ಟೇ ಹೇಳ್ರಿ."

"ಮುಂಜಾನಿ ಬರ್ತೀನಿ, ಮುಂಜಾನಿ ಮಾತಾಡಮು," ಎಂದು ಕದ ಹಾಕಿಕೊಂಡರು.

ವಿದ್ಯಾವತಿ ಕತ್ತರಿ ತಂದಳು. ಹನ್ನೆರಡು ದಿನದ ಹೊಲಿಗೆ ಬಿಚ್ಚಲು ಎರಡು ತಾಸೂ ಹಿಡಿಯಲಿಲ್ಲ. ಕಸ್ತೂರಬಾಯಿಯ ಎರಡು ಸಾಲು ಮಾತ್ರ ಬಿಡದೆ ಹಟ ಮಾಡಿದವು. ಒಂದೊಂದೇ ಸೀರೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಇಂಚಿಂಚು ಬೆರಳಾಡಿಸಿದಳು. ಮೂರನೆಯ ಪದರದ ನಡುವಿನಲ್ಲಿ ಬೆರಳಿಗೆ ಚುಚ್ಚಿತು. ಬಗ್ಗಿ ನೋಡಿದರೆ ಸೂಜಿಯಲ್ಲ. ಉಗುರಿನಷ್ಟುದ್ದದ ಮೊನೆ. ಮೊದಲ ದಿನ ಮುರಿದದ್ದು. ಗುಡಿಸಿ ಎಸೆದೆನೆಂದು ಅವಳು ನಂಬಿದ್ದದ್ದು. ಅದನ್ನು ಖಾಲಿ ಕಡ್ಡಿಪೆಟ್ಟಿಗೆಯಲ್ಲಿ ಹಾಕಿಟ್ಟಳು. ನಾಲ್ಕನೆಯ ಸೂಜಿ ಎಲ್ಲೂ ಸಿಗಲಿಲ್ಲ.

ಬೆಳಿಗ್ಗೆ ಕಸಬರಿಗೆ ಮೂಲೆಗಿಡುವುದರೊಳಗೆ ಕಸ್ತೂರಬಾಯಿ ಬಂದರು. ಸೆರಗಿನಿಂದ ಸೂಜಿ ತೆಗೆದು, ಕೈಗೆ ಕೊಡದೆ ಹೊಸ್ತಿಲ ಮೇಲಿಟ್ಟರು. "ತಗೋ ನಿಂದು. ಹೆಗಲ ಮ್ಯಾಲಿನ ಸೆರಗಿಗಿ ಚುಚ್ಚಿಕೊಂಡು ಹಂಗೇ ಹೋಗಿದ್ದೆ. ದೀಪ ಹಚ್ಚಲಿಕ್ಕ ಬಗ್ಗಿದಾಗ ಚುಚ್ಚಿತು, ಆಗ ಗೊತ್ತಾಯ್ತು."

ವಿದ್ಯಾವತಿ ಸೂಜಿ ಎತ್ತಿಕೊಂಡಳು. "ಮತ್ತ ನಾ ಕೇಳಿದಾಗ?"

"ದೀಪ ಹಚ್ಚಿದ ಮ್ಯಾಲ ಹ್ಯಾಂಗ ಹೇಳ್ಲಿ? ಕೂಸಿನ ಕೆಲಸ, ಕೆಡುಕು ಆಗಬಾರದು."

"ತಲಿ ಆಡಿಸಿದ್ರೂ ಸಾಕಿತ್ತು ಕಾಕು! ಇಡೀ ಕೌದಿ ಬಿಚ್ಚೀನಿ ನಾ!"

ಕಸ್ತೂರಬಾಯಿ ಮೂಲೆಯಲ್ಲಿದ್ದ ಸೀರೆಗಳ ರಾಶಿ ನೋಡಿದರು. ಅವರ ಮುಖ ಅರಳಿತು. "ಛಲೋ ಮಾಡ್ದಿ. ಹಂಗೂ ಬಿಚ್ಚಬೇಕೇ ಇತ್ತು."

ವಿದ್ಯಾವತಿಗೆ ಹೇಳಲು ಬಹಳ ಮಾತುಗಳಿದ್ದವು; ರಾತ್ರಿಯೆಲ್ಲಾ ಒಂದೊಂದನ್ನೂ ತಿದ್ದಿ ಇಟ್ಟುಕೊಂಡಿದ್ದಳು. ಆದರೆ ಕೈ ತಾನಾಗಿ ಕಡ್ಡಿಪೆಟ್ಟಿಗೆ ತೆರೆದು ಮುಂದೆ ಹಿಡಿಯಿತು. "ಇದು ಒಳಗಿತ್ತು. ಬಿಚ್ಚಿಲ್ಲ ಅಂದ್ರ..."

ಕಸ್ತೂರಬಾಯಿ ಆ ಮೊನೆಯನ್ನು ನೋಡಿದರು. ಆಮೇಲೆ ಸೀರೆಯ ರಾಶಿಯ ಪಕ್ಕ ಕುಳಿತು, "ಸಣ್ಣದು ಮಾಡಮು, ತೊಟ್ಟಿಲದಾಗ ಹಿಡಿಯೋ ಅಷ್ಟು. ನೀ ಆ ಮೂಲಿ ಹಿಡಿ," ಎಂದರು.

ಮೂರು ದಿನ ಬೈಗುಳ ತಪ್ಪಲಿಲ್ಲ. "ಸಳ ಬಿತ್ತು, ಸುಕ್ಕಾತು, ಬಿಚ್ಚು." "ಕಾಲೇಜಿನಾಗ ಇದೇ ಕಲಿಸ್ಯಾರೇನ?" ವಿದ್ಯಾವತಿ ಹಲ್ಲು ಕಚ್ಚಿ ಬಿಚ್ಚಿದಳು, ಹೊಲಿದಳು. ಆದರೆ ದಿನಾ ಹೊತ್ತು ಮುಳುಗುವ ಮುಂಚೆ, ಕಸ್ತೂರಬಾಯಿ ಏಳುವಷ್ಟರಲ್ಲಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

"ಕಾಕು, ಸೆರಗು ಜಾಡಿಸ್ರಿ."

"ನನಗ ಕಳ್ಳಿ ಅಂತೀ ಏನು?"

"ಜಾಡಿಸ್ರಿ. ಹೆಗಲೂ ನೋಡ್ರಿ, ತುರುಬೂ ನೋಡ್ರಿ."

ಗೊಣಗುತ್ತಾ ಜಾಡಿಸುತ್ತಿದ್ದರು. ಸೋಪಿನ ಮೇಲೆ ನಾಲ್ಕು ಎಣಿಸಿದ ಮೇಲೆಯೇ ವಿದ್ಯಾವತಿ ದೀಪಕ್ಕೆ ಕಡ್ಡಿ ಗೀರುತ್ತಿದ್ದಳು.

ಭಾನುವಾರ ಯೆಣೆಗೂರಿನಲ್ಲಿ ಕೌದಿಯನ್ನು ತೊಟ್ಟಿಲಿಗೆ ಹಾಸಿ, ಮೂಲೆಯಿಂದ ಮೂಲೆಗೆ ಅಂಗೈಯನ್ನು ಮೂರು ಸಲ ಎಳೆದಳು. ಆಮೇಲೆಯೇ ಮೀನಲಳ ಕೈಯಿಂದ ಕೂಸನ್ನು ತೆಗೆದುಕೊಂಡು ಮಲಗಿಸಿದಳು. ಕೂಸು ಒಮ್ಮೆ ಮೈ ಮುರಿದು ಕಣ್ಣು ಮುಚ್ಚಿತು.

ಗುರುಶಾಂತ ಬಗ್ಗಿ ಅಂಚಿನ ಸಾಲುಗಳನ್ನು ನೋಡಿದ. "ಖರೇ ನೀನೇ ಹೊಲದೀ ಏನಕ್ಕಾ?"

"ಎರಡು ಸಲ," ಎಂದಳು ವಿದ್ಯಾವತಿ.