ಹಾಬ್ಸನ್ನರ ಮನೆಗೆ ಯಾರು ಬರುತ್ತಾರೆ

ಸಾಲಡ್‌ಗೆಂದು ಬೇಯಿಸಿದ ಮೊಟ್ಟೆಗಳನ್ನು ಸುಲಿಯುತ್ತ ನಿಂತಿದ್ದ ಡೆಲ್ಫೀನ್ ತನ್ನಷ್ಟಕ್ಕೆ ಒಂದು ಮಾತು ಒಪ್ಪಿಕೊಂಡಳು. ಮನೆ ಸಿಗದೆ ಹೋದೀತು ಎಂಬ ಭಯ ಅವಳಿಗಿರಲಿಲ್ಲ. ಸಿಕ್ಕಿಬಿಟ್ಟರೆ ದೊಡ್ಡಮ್ಮನಿಗೆ ಹೇಗೆ ಹೇಳುವುದು ಎಂಬುದೇ ಭಯ. ಸಿಗದಿದ್ದರೂ ಸಂಕಟ, ಸಿಕ್ಕರೂ ಸಂಕಟ ಅನ್ನುವಂಥ ಆಸೆಯನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಅವಳಿಗೆ ತಿಳಿಯಲಿಲ್ಲ. ಒಂದು ಮೊಟ್ಟೆ ಸಿಪ್ಪೆಯೊಂದಿಗೆ ಅರ್ಧ ಬಿಳಿಯನ್ನೂ ಕಳೆದುಕೊಂಡಿತು.

ಅಡುಗೆಮನೆಯ ಕಿಟಕಿಯಾಚೆ ಪಕ್ಕದ ಹಾಬ್ಸನ್ನರ ಮನೆಯ ಗೋಡೆ ಕಾಣುತ್ತಿತ್ತು. ಮುದುಕ ಹಾಬ್ಸನ್ ತೀರಿಕೊಂಡ ಮೇಲೆ ಟೆಕ್ಸಸ್‌ನಲ್ಲಿದ್ದ ಮಕ್ಕಳು ಈ ಕಡೆ ತಲೆ ಹಾಕಲಿಲ್ಲ. ತೆರಿಗೆ ಕಟ್ಟುವವರಿಲ್ಲದೆ ಮನೆ ಕೋರ್ಟಿಗೆ ಹೋಗಿ, ಅಲ್ಲಿಂದ ಊರಿನ ಲ್ಯಾಂಡ್ ಬ್ಯಾಂಕಿನ ಕೈಸೇರಿತು. ಹೆಸರಿಗೆ ಬ್ಯಾಂಕ್ ಅಷ್ಟೆ. ಅದು ದಿಕ್ಕಿಲ್ಲದ ಮನೆಗಳನ್ನು ವಹಿಸಿಕೊಂಡು, ಹಕ್ಕುಪತ್ರದ ಸಿಕ್ಕು ಬಿಡಿಸಿ, ಕೊಳೆತದ್ದನ್ನು ಕೆಡವಿ, ಉಳಿಯುವಂಥದ್ದನ್ನು ದುರಸ್ತಿ ಮಾಡಿ ಸಣ್ಣ ಸಂಬಳದವರ ಕೈಗೆಟುಕುವ ಬೆಲೆಗೆ ಕೊಡುವ ಕಚೇರಿ.

ಆ ಮನೆ ತನಗೆ ಬೇಕೆಂದು ಡೆಲ್ಫೀನ್ ಹೋದ ತಿಂಗಳು ಅರ್ಜಿ ಹಾಕಿದ್ದಳು, ಯಾರಿಗೂ ಹೇಳದೆ.

ಕಾಲೇಜು ಮುಗಿಸಿ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಅರ್ಧ ದಿನದ ಕೆಲಸ ಹಿಡಿದವಳು ಇನ್ನೂ ದೊಡ್ಡಮ್ಮನ ಹೊಲಿಗೆ ಕೋಣೆಯಲ್ಲೇ ಮಲಗುತ್ತಿದ್ದಳು. ಅಮ್ಮ ಸತ್ತಂದಿನಿಂದ ಸಾಕಿದವಳು ದೊಡ್ಡಮ್ಮ ವರ್ನೀತಾ. ಅಂಥವಳನ್ನು ಬಿಟ್ಟು ಹೋಗಬೇಕೆನ್ನಿಸುವುದು ಕೃತಘ್ನತೆಯೋ ಏನೋ. ಆದರೆ ಅವಳು ದೂರ ಹೋಗಲು ಬಯಸಿರಲಿಲ್ಲ. ತಾನೇ ಹಾಕಿ ತಾನೇ ತೆಗೆಯುವ ಒಂದು ಬಾಗಿಲು ಬೇಕಿತ್ತು, ದೊಡ್ಡಮ್ಮನ ಕೆಮ್ಮು ಕೇಳಿಸುವಷ್ಟು ಹತ್ತಿರದಲ್ಲಿ.

ದೊಡ್ಡಮ್ಮನಿಗೂ ಹಾಬ್ಸನ್ನರ ಜಾಗವೇ ಬೇಕಿತ್ತು, ಮನೆ ಇಲ್ಲದ ಜಾಗ. ಮನೆ ಕೆಡವಿದರೆ ಲ್ಯಾಂಡ್ ಬ್ಯಾಂಕು ಆ ನಿವೇಶನವನ್ನು ಪಕ್ಕದವರಿಗೆ ಅಗ್ಗವಾಗಿ ಬಿಟ್ಟುಕೊಡುತ್ತದೆ. ಸೊಪ್ಪಿನ ಮಡಿ ಎಲ್ಲಿ, ಟೊಮೆಟೊ ಎಲ್ಲಿ, ಬಿಸಿಲಿಗೆ ಕೂರುವ ಕುರ್ಚಿ ಎಲ್ಲಿ ಎಂಬುದೆಲ್ಲ ಆಗಲೇ ಅವಳ ತಲೆಯಲ್ಲಿ ನಿಶ್ಚಯವಾಗಿತ್ತು. ಬೀದಿ ಸಂಘದ ಅಧ್ಯಕ್ಷೆಯೂ ಅವಳೇ. ಬೀದಿಯ ಅಭಿಪ್ರಾಯ ಕೇಳಲು ಲ್ಯಾಂಡ್ ಬ್ಯಾಂಕಿನಿಂದ ಮಿಸ್ ಪ್ರುಯಿಟ್ ಎಂಬ ಅಧಿಕಾರಿ ಇವತ್ತು ಈ ಮನೆಗೇ ಬರುವವಳಿದ್ದಳು.

ಮಧ್ಯಾಹ್ನದ ಹೊತ್ತಿಗೆ ಹಜಾರ ತುಂಬಿತು. ಬೀದಿಯ ಏಳೆಂಟು ಜನ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಕೂತರು. ಎದುರುಮನೆಯ ಕ್ಲೀಟಸ್, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು, ಕೇಕಿನ ಪಕ್ಕದ ಕುರ್ಚಿಯನ್ನೇ ಹಿಡಿದಿದ್ದ.

"ಮೊದಲು ತಿನ್ನಿ ಮಿಸ್ ಪ್ರುಯಿಟ್," ಎಂದಳು ದೊಡ್ಡಮ್ಮ. "ಹಸಿದ ಹೊಟ್ಟೇಲಿ ಜಗಳ ಮಾಡಿದ್ರೆ ನನಗೆ ಒಗ್ಗಲ್ಲ. ಈಗ ಹೇಳಿ, ಯಾವತ್ತು ಕೆಡವ್ತೀರಿ?"

ಮಿಸ್ ಪ್ರುಯಿಟ್ ಬಾಯಿ ಒರೆಸಿಕೊಂಡಳು. "ಕೆಡವಲ್ಲಮ್ಮ. ದುರಸ್ತಿ ಮಾಡಬಹುದು ಅಂತ ನಮ್ಮ ಇನ್‌ಸ್ಪೆಕ್ಟರ್ ಹೇಳಿದಾರೆ."

"ಹಿಂದಿನ ಬೀದೀಲಿ ಸಾಲಾಗಿ ಕೆಡವಿದ್ರಲ್ಲ, ಇದಕ್ಕೇನು ಕೋಡು ಬಂದಿದೆಯಾ?"

"ಅಲ್ಲೆಲ್ಲ ಕಳ್ಳರು ಒಳಗೆ ನುಗ್ಗಿ ತಾಮ್ರದ ಪೈಪು ಕಿತ್ಕೊಂಡು ಹೋಗಿದ್ರು. ನೀರು ನಿಂತು ನೆಲ ಕೊಳೆತಿತ್ತು. ಈ ಮನೇಲಿ ಒಂದು ನಲ್ಲೀನೂ ಹೋಗಿಲ್ಲ. ನಮ್ಮ ಇನ್‌ಸ್ಪೆಕ್ಟರೇ ಮೊದಲ ಸಲ ಬಂದಾಗ, ಯಾರೋ ವಾಸ ಇದಾರೆ ಅಂದ್ಕೊಂಡು ವಾಪಸ್ ಹೋಗಿದ್ರಂತೆ."

ಕ್ಲೀಟಸ್ ತೊಡೆ ತಟ್ಟಿಕೊಂಡು ನಕ್ಕ. ಚರ್ಚಿನ ರೂಢಿಯಂತೆ ಅವನು ದೊಡ್ಡಮ್ಮನನ್ನು ಕರೆಯುತ್ತಿದ್ದುದು ಸಿಸ್ಟರ್ ಎಂದೇ. "ಅಂದ್ಕೊಳ್ಳದೆ ಏನ್ಮಾಡ್ತಾರೆ? ಆ ಮನೆ ಅಂಗಳದಲ್ಲಿ ನನ್ನ ಕಾರು ನಿಂತಿರುತ್ತೆ. ಸಿಸ್ಟರ್ ವರ್ನೀತಾ ಹುಲ್ಲು ಕತ್ತರಿಸ್ತಾರೆ, ಪರದೆ ಬದಲಾಯಿಸ್ತಾರೆ, ಹ್ಯಾಲೊವೀನ್ ಬಂದ್ರೆ ಮೆಟ್ಟಿಲ ಮೇಲೆ ಕುಂಬಳಕಾಯಿ ಇಡ್ತಾರೆ. ಹಾಬ್ಸನ್ ಬದುಕಿದ್ದಾಗಲೇ ಆ ಮನೆ ಅಷ್ಟು ಲಕ್ಷಣವಾಗಿರಲಿಲ್ಲ."

ಖಾಲಿ ಮನೆ ಖಾಲಿ ಎಂದು ಕಾಣಬಾರದು, ಕಂಡರೆ ಕಳ್ಳರೂ ಬೆಂಕಿಯೂ ಬರುತ್ತವೆ ಎಂದು ಈ ಬೀದಿಯವರೆಲ್ಲ ಮಾಡುತ್ತ ಬಂದ ಕೆಲಸ ಅದು. ದೊಡ್ಡಮ್ಮ ಚಮಚ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ಅಂದ್ರೆ ನಾನು ಸುಮ್ನೆ ಬಿಟ್ಟಿದ್ರೆ ಅದು ಹಾಳಾಗಿ ಹೋಗಿ ನನಗೆ ಜಾಗ ಸಿಗ್ತಿತ್ತು. ಚೆನ್ನಾಗಿ ನೋಡ್ಕೊಂಡಿದ್ದಕ್ಕೆ ಸಿಗಲ್ಲ. ಹಾಗೇನಾ?"

"ಹಾಗಂತ ಹೇಳೋಕಾಗಲ್ಲ," ಎಂದಳು ಮಿಸ್ ಪ್ರುಯಿಟ್. ಆಮೇಲೆ, "ಹಾಗಲ್ಲ ಅಂತಲೂ ಹೇಳೋಕಾಗಲ್ಲ," ಎಂದಳು.

ಬಾಗಿಲ ಬಳಿ ನಿಂತಿದ್ದ ಡೆಲ್ಫೀನ್‌ಳ ಕಿವಿ ಬಿಸಿಯಾಯಿತು. ವರ್ಷಗಟ್ಟಲೆ ದುಡಿದವಳು ದೊಡ್ಡಮ್ಮ. ಆ ದುಡಿಮೆಯಿಂದ ಉಳಿದ ಮನೆಯನ್ನು ಕೇಳಿದವಳು ತಾನು. ಇದನ್ನು ಕಸಿದುಕೊಳ್ಳುವುದು ಅನ್ನಬೇಕೋ, ಪಡೆದುಕೊಳ್ಳುವುದು ಅನ್ನಬೇಕೋ? ಎರಡೂ ನಿಜವೆನಿಸಿ ಅವಳು ನೆಲ ನೋಡಿದಳು.

"ಬಡವರ ಮೇಲೆ ನನಗೇನೂ ದ್ವೇಷ ಇಲ್ಲ," ದೊಡ್ಡಮ್ಮ ಸ್ವರ ಏರಿಸಿದಳು. "ಹಿಂದಿನ ಬೀದೀಲಿ ಉಳಿದ ಮನೆಗಳನ್ನ ಅಗ್ಗಕ್ಕೆ ಕೊಂಡು ಬಾಡಿಗೆಗೆ ಬಿಟ್ಟು ಹೋದೋರ ಮುಖಾನೇ ನಾವು ನೋಡಿಲ್ಲ. ಒಂದು ಸಂಸಾರ ಬರುತ್ತೆ, ಫುಟ್‌ಪಾತ್ ಮೇಲೆ ಸೋಫಾ ಎಸೆದು ಹೋಗುತ್ತೆ, ಇನ್ನೊಂದು ಬರುತ್ತೆ. ಅಂಥವರು ನನ್ನ ಪಕ್ಕಕ್ಕೆ ಬೇಡ."

"ಅದು ಹರಾಜಿನಲ್ಲಿ ಊರಾಚೆಯವರು ಕೊಂಡಿದ್ದಮ್ಮ. ನಮ್ಮಲ್ಲಿ ಕೊಂಡೋರೇ ಬಂದು ಇರಬೇಕು. ಬಾಡಿಗೆಗೆ ಬಿಡೋ ಹಾಗಿಲ್ಲ."

"ಸರಿ, ಯಾರು ಕೇಳಿದಾರೆ? ಹೆಸರು ಹೇಳಿ."

"ಹೆಸರು ಹೇಳೋ ಹಾಗಿಲ್ಲ." ಮಿಸ್ ಪ್ರುಯಿಟ್ ಕಷ್ಟಪಟ್ಟು ಡೆಲ್ಫೀನ್‌ಳ ಕಡೆ ನೋಡದೆ ಉಳಿದಳು.

ಕ್ಲೀಟಸ್ ಗಂಟಲು ಸರಿಮಾಡಿಕೊಂಡ. "ಸಿಸ್ಟರ್, ನಾವು ಕಪ್ಪುಜನ ಮೊದಲು ಈ ಬೀದಿಗೆ ಬಂದಾಗ ನಮ್ಮ ವಿಚಾರಕ್ಕೂ ಇಲ್ಲಿನ ಬಿಳಿಯರು ಹೀಗೇ ಯಾರದೋ ಹಜಾರದಲ್ಲಿ ಸಭೆ ಸೇರಿದ್ರು. ಅವತ್ತೂ ಕೇಕ್ ಇತ್ತಂತೆ."

"ಅದು ಬೇರೆ."

"ಹೇಗೆ ಬೇರೆ?"

"ಬೇರೆ ಅಂದ್ರೆ ಬೇರೆ. ನೀನು ಬಾಯಿಗೆ ಕೇಕ್ ಹಾಕ್ಕೋ."

ಅವನು ಹಾಕಿಕೊಂಡ. ಆದರೆ ಆ ಮಾತು ಮಾತ್ರ ಕೋಣೆಯಲ್ಲೇ ಉಳಿಯಿತು. ದೊಡ್ಡಮ್ಮ ಮಡಿಲಲ್ಲಿಲ್ಲದ ಚೂರನ್ನು ಕೊಡವಿಕೊಂಡಳು.

"ಬೀದಿ ಒಂದೇ ದನಿಯಲ್ಲಿ ಬೇಡ ಅಂದ್ರೆ ನಮ್ಮ ಮೇಲಿನವರು ಕೆಡವೋದರ ಬಗ್ಗೆ ಮತ್ತೆ ಯೋಚನೆ ಮಾಡ್ತಾರೆ," ಎಂದಳು ಮಿಸ್ ಪ್ರುಯಿಟ್. "ಭಿನ್ನಾಭಿಪ್ರಾಯ ಇದ್ರೆ ದುರಸ್ತಿ ಶುರುವಾಗುತ್ತೆ."

"ಹಾಗಿದ್ರೆ ಕೈಯೆತ್ತಿ, ಕೆಡವಲಿ ಅನ್ನೋರು," ಎಂದಳು ದೊಡ್ಡಮ್ಮ.

ಅವಳ ಕೈಯೇ ಮೊದಲು ಮೇಲೇರಿತು. ಅವಳ ಮುಖ ನೋಡಿ ಒಬ್ಬೊಬ್ಬರೇ ಎತ್ತಿದರು. ಕ್ಲೀಟಸ್‌ನ ಕೈ ಕಿವಿಯವರೆಗೆ ಬಂದು ನಿಂತಿತು.

"ಅದೇನು, ಎತ್ತಿದ್ದೋ ಕೆರ್ಕೊಂಡಿದ್ದೋ?"

"ನನಗೇ ಗೊತ್ತಾಗ್ತಿಲ್ಲ ಸಿಸ್ಟರ್," ಎಂದ ಅವನು. ಎಲ್ಲರೂ ನಕ್ಕರು. ದೊಡ್ಡಮ್ಮ ಕಣ್ಣು ಕೆಕ್ಕರಿಸಿದ ಮೇಲೆ ಅವನ ಕೈ ಇನ್ನೊಂದು ಗೇಣು ಏರಿತು.

"ಡೆಲ್ಫೀನ್, ನೀನೂ ಎತ್ತು ಮರಿ."

ಡೆಲ್ಫೀನ್‌ಳ ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ಎತ್ತಿದರೆ ಸಂಜೆಗೆಲ್ಲ ಮುಗಿಯುತ್ತದೆ. ದೊಡ್ಡಮ್ಮನಿಗೆ ಬಿಸಿಲು ಸಿಗುತ್ತದೆ, ತಾನು ಹೊಲಿಗೆ ಕೋಣೆಗೆ ಹೋಗಿ ಮಲಗಬಹುದು, ಯಾರೂ ಏನೂ ಕೇಳುವುದಿಲ್ಲ. ಇಷ್ಟು ಸುಲಭದ್ದನ್ನು ಕೈ ಯಾಕೆ ಮಾಡುತ್ತಿಲ್ಲವೆಂದು ಅವಳಿಗೇ ಸೋಜಿಗವಾಯಿತು.

"ಏನೇ? ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ?" ದೊಡ್ಡಮ್ಮನ ದನಿಯಲ್ಲಿ ಸಿಟ್ಟಿಗಿಂತ ಗಲಿಬಿಲಿಯೇ ಹೆಚ್ಚಿತ್ತು. ಅವಳ ಕೈ ಇನ್ನೂ ಮೇಲೆಯೇ ಇತ್ತು. "ಅಂಥವರು ಬಂದು ನಮ್ಮ ಪಕ್ಕದಲ್ಲಿ ಕೂತ್ರೆ ನಿನಗೆ ಪರವಾಗಿಲ್ವಾ?"

ಎಲ್ಲರೂ ಅವಳತ್ತ ತಿರುಗಿದರು. ಡೆಲ್ಫೀನ್ ಅಷ್ಟು ಮುಖಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ನೋಡಿದಳು.

"ಅಂಥವರು ಅಂದ್ರೆ ನಾನೇ, ದೊಡ್ಡಮ್ಮ. ಆ ಮನೆ ಕೇಳಿರೋದು ನಾನು."