ತಮ್ಮ ಬಾಗಿನ ತಾರದ ಎರಡು ಗೌರಿ ಹಬ್ಬ

ನನ್ನ ಗಂಡ ಜವರಯ್ಯನವರಿಗೆ ಅರವತ್ತೈದು ದಾಟಿದ ಮೇಲೆ ಅವರ ಕಣ್ಣಿಗೆ ಬೇರೇನೂ ಬೀಳುತ್ತಿರಲಿಲ್ಲ. ಎಲ್ಲಿ ಬೇಲಿಯ ಮರೆ ಇದೆ, ಯಾವ ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಬೀಗ ಬಿದ್ದಿರುತ್ತದೆ ಎಂಬುದೇ ಯೋಚನೆ. ಓಡಿಹೋಗಿ ನಿಂತರೆ ನಾಲ್ಕು ಹನಿ. ಬಂದು ಕೂತರೆ ಮತ್ತೆ ಅವಸರ. ಆಸ್ಪತ್ರೆಗೆ ಹೋಗೋಣ ಎಂದರೆ, "ವಯಸ್ಸಾದ್ಮೇಲೆ ಎಲ್ರಿಗೂ ಇದ್ದಿದ್ದೇ ಕಣೆ" ಎಂದು ನೀರು ಕುಡಿಯುವುದನ್ನೇ ಬಿಟ್ಟರು. ಎಂಥ ಬುದ್ಧಿ ನೋಡಿ.

ಇದು ನಮ್ಮ ದೇವನೂರಿನ ಮನೆಯೊಳಗೇ ಮುಗಿಯುವ ಕಷ್ಟವಾಗಿದ್ದರೆ ಹೇಗೋ ಸುಧಾರಿಸುತ್ತಿದ್ದೆ. ಆದರೆ ಮೂಗೂರಿಗೆ ಕೊಟ್ಟ ಅವರ ಅಕ್ಕ ಮಂಚಮ್ಮ ಇದ್ದಾರಲ್ಲ! ಗೌರಿ ಹಬ್ಬಕ್ಕೆ ತವರಿನ ಬಾಗಿನದ ಮೊರವನ್ನು ತಮ್ಮನೇ ಹೊತ್ತು ಹೋಗಬೇಕು. ಇಲ್ಲಿಂದ ನಂಜನಗೂಡು, ಅಲ್ಲಿಂದ ನರಸೀಪುರ, ಆಮೇಲೆ ಮೂಗೂರು, ಒಟ್ಟು ಮೂರು ಬಸ್ಸು. ಇವರೋ ಮೊದಲನೇ ಬಸ್ಸಿನಲ್ಲೇ ಎರಡು ಸಲ ಇಳಿಯುವ ಗಿರಾಕಿ. ಹಾಗಾಗಿ ಒಂದು ವರ್ಷ ಹೋಗಲೇ ಇಲ್ಲ. ಮರುವರ್ಷ ನಮ್ಮ ಮಗ ರಂಗಸ್ವಾಮಿಯ ಕೈಯಲ್ಲಿ ಕಳಿಸಿದರು. ಅದು ಇನ್ನೂ ದೊಡ್ಡ ತಪ್ಪಾಯಿತು. ಅತ್ತಿಗೆ ಮೊರವನ್ನು ಮುಟ್ಟಲೇ ಇಲ್ಲವಂತೆ.

"ನಿಮ್ಮಪ್ಪಂಗೆ ಕಾಲಿಲ್ವಾ? ಮುಂದ್ಲೊರ್ಸವೂ ಅವ್ನೇ ಬರ್ನಿಲ್ಲ ಅಂದ್ರೆ ನಂಗೆ ತವರೇ ಇಲ್ಲ ಅಂದ್ಕತೀನಿ" ಎಂದು ವಾಪಸ್ ಕಳಿಸಿದರು. ಸಾಲದ್ದಕ್ಕೆ, ಹೆಂಡತಿಯೇ ಅವನನ್ನು ಕಟ್ಟಿಹಾಕಿದ್ದಾಳೆ ಎಂದು ನೆಂಟರಿಗೆಲ್ಲ ಹೇಳಿದರು. ರೋಗ ಅವರದು, ಕೆಟ್ಟ ಹೆಸರು ನನ್ನದು.

"ನಿಜ ಹೇಳಿಬಿಡಿ" ಎಂದರೆ, "ಅಕ್ಕಂಗೆ ಇದ್ನೆಲ್ಲ ಏಳಾದಾ? ಮಾನ ಓಯ್ತದೆ. ನೀನೂ ಏಳ್ಬ್ಯಾಡ" ಎಂದು ನನ್ನಿಂದ ಆಣೆ ಹಾಕಿಸಿಕೊಂಡರು.

ಕೊನೆಗೆ ನನ್ನ ಕಾಟಕ್ಕೆ ನಂಜನಗೂಡಿನ ಡಾಕ್ಟರಿಗೆ ತೋರಿಸಿದರು. ಮೈಸೂರಿನಲ್ಲಿ ಆಪರೇಷನ್ ಮಾಡಿಸಿ ಎಂದರೆ ಒಪ್ಪದೆ, ಮಾತ್ರೆ ನುಂಗಿ ನುಂಗಿ ಯುಗಾದಿಯೂ ಕಳೆಯಿತು. ಒಂದು ದಿನ ನೋಡಿದರೆ, ಅಟ್ಟದ ಮೇಲಿದ್ದ ಆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಕಣ್ಣು ಒದ್ದೆಯಾಗಿತ್ತು. "ಯಾವತ್ತು ಓಗನೆ ಮೈಸೂರ್ಗೆ?" ಎಂದು ತಾವಾಗಿಯೇ ಕೇಳಿದರು.

ಮೈಸೂರಿನ ಡಾಕ್ಟರು ಚಿತ್ರ ಬರೆದು ತೋರಿಸಿದರು. ಮೂತ್ರಚೀಲದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ದಾರಿಯನ್ನು ಹಿಸುಕುತ್ತಿದೆಯಂತೆ. ಹೊಟ್ಟೆ ಕೊಯ್ಯುವುದಿಲ್ಲ, ಮೂತ್ರದ ದಾರಿಯಲ್ಲೇ ಸಣ್ಣ ನಳಿಗೆ ಹಾಕಿ, ಬೆಳೆದದ್ದನ್ನು ಲೇಸರ್‌ನಿಂದ ಬಿಡಿಸಿ ತೆಗೆಯುತ್ತಾರಂತೆ.

"ಸುಟ್ಟೋಗಾಕಿಲ್ವಾ ಸಾ?"

"ನಾಲೆಯಲ್ಲಿ ಹೂಳು ತುಂಬಿದ್ರೆ ತೆಗೆಸಲ್ವಾ ಯಜಮಾನ್ರೇ? ಹಾಗೇ ಇದೂ."

ನಾಲೆಯ ಮಾತು ಅವರಿಗೆ ಹಿಡಿಸಿತು. ಸೊಂಟದ ಕೆಳಗೆ ಮರಗಟ್ಟಿಸಿ ಆಪರೇಷನ್ ಮಾಡಿದರು. ಮೂತ್ರಕ್ಕೆ ಹಾಕಿದ್ದ ಪೈಪು ತೆಗೆದ ದಿನ ಉರಿ ಉರಿ ಎನ್ನುತ್ತಲೇ ಬಾತ್‌ರೂಮಿಗೆ ಹೋದರು. ಹೊರಗೆ ಬಂದಾಗ ಅವರ ಮುಖ ನೋಡಬೇಕಿತ್ತು.

"ಲೇ, ಸದ್ದು ಕೇಳುಸ್ತಾ?"

"ಪಕ್ಕದ ವಾರ್ಡಿಗೂ ಕೇಳುಸ್ತು, ಬನ್ನಿ" ಎಂದೆ.

ಕೆಲವು ವಾರ ಅಲ್ಲಿಷ್ಟು ಇಲ್ಲಿಷ್ಟು ತೊಟ್ಟಿಕ್ಕಿ, ಆಮೇಲೆ ಅದೂ ನಿಂತಿತು. ಗೌರಿ ಹಬ್ಬದ ದಿನ ಹೊಸ ಮೊರದಲ್ಲಿ ಬಳೆ, ಬೇಳೆ, ಅರಿಸಿನ ಕುಂಕುಮ, ರವಿಕೆ ಬಟ್ಟೆ ತುಂಬಿಕೊಂಡು ಹೊರಟೆವು. ಇವರು ಹಟ ಹಿಡಿದು ಕಿಟಕಿ ಪಕ್ಕ ಕೂತರು. ನಂಜನಗೂಡಿನಲ್ಲಿ ನಾನು ಅಭ್ಯಾಸಬಲದಿಂದ ಶೌಚಾಲಯದ ಕಡೆ ಕೈ ತೋರಿಸಿದರೆ, "ಬ್ಯಾಡ ಕಣೆ" ಎಂದು ಗತ್ತಿನಿಂದ ತಲೆಯಾಡಿಸಿದರು. ನರಸೀಪುರದಲ್ಲಿ ದೊಡ್ಡ ಲೋಟದಲ್ಲಿ ಕಬ್ಬಿನ ಹಾಲು ಕುಡಿದು ಮೂಗೂರಿನ ಬಸ್ಸು ಹತ್ತಿದರು.

ಅತ್ತಿಗೆ ಜಗಲಿಯ ಮೇಲೆ ಕೂತಿದ್ದರು. ನಮ್ಮನ್ನು ನೋಡಿ ಮುಖ ತಿರುಗಿಸಿದರು.

"ಯಾರು ಬೇಕಾಗಿತ್ತು?"

ಇವರು ಮೊರ ಹಿಡಿದುಕೊಂಡು ನಿಂತೇ ಇದ್ದರು. ಅತ್ತಿಗೆ ಕೈ ಚಾಚಲಿಲ್ಲ. ನನ್ನ ಬಾಯಿಗೆ ಆಣೆ ಬಿದ್ದಿತ್ತು. ಹೇಳಿದರೆ ಅವರೇ ಹೇಳಬೇಕು.

"ಅಕ್ಕಾ, ನಂಗೆ ಉಚ್ಚೆ ತಡೆಯಕ್ಕಾಯ್ತಿರ್ನಿಲ್ಲ" ಎಂದರು, ನೆಲ ನೋಡುತ್ತಾ. "ಬಸ್ಸಲ್ಲಿ ಪಂಚೆ ಒದ್ದೆ ಆದ್ರೆ ಏನ್ಮಾಡದು ಅಂತ ಬರ್ನಿಲ್ಲ. ಈಗ ಲೇಸರ್ ಆಪ್ರೇಸನ್ ಆಯ್ತು. ಇವಳ್ದೇನೂ ತಪ್ಪಿಲ್ಲ ಕಣಕ್ಕಾ."

ಅತ್ತಿಗೆ ಎದ್ದು ನಿಂತರು.

"ಅಯ್ಯೋ ಬೆಪ್ತಕ್ಕಡಿ! ಚಿಕ್ಕೋನಿದ್ದಾಗ ನೀ ಉಚ್ಚೆ ಉಯ್ಕೊಂಡ ಕೌದಿನ ಅವ್ವಂಗೆ ಗೊತ್ತಾಗ್ದಂಗೆ ಕೆರೆಲಿ ಒಗೀತಿದ್ದೋಳು ಯಾರು ಕಣ್ಲಾ? ನಾನು! ನನ್ನತ್ರ ನಾಚ್ಕೆಯಾ ನಿಂಗೆ?"

ಹಾಗೆಂದವರೇ ಸೆರಗೊಡ್ಡಿ ಬಾಗಿನ ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಬಾಯ್ಗೆ ಬಂದಂಗೆ ನಿನ್ನ ಅಂದ್ಬುಟ್ಟಿದ್ದೆ ಕಣಮ್ಮಿ" ಎಂದರು.

"ಗೊತ್ತು ಕಣತ್ತಿಗೆ" ಎಂದೆ. ಒಂದು ವರ್ಷದಿಂದ ಒಳಗೇ ಕುದಿಯುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ ಕಾಣೆ.

ಊಟವಾದ ಮೇಲೆ ಇವರು ಒಂದು ಚೊಂಬು ಮಜ್ಜಿಗೆಯನ್ನು ಗಟಗಟ ಕುಡಿದರು. ಬಸ್ಸಿನ ಹೊತ್ತಾಯಿತು ಎಂದು ನಾನು ಎದ್ದರೆ, "ಇವತ್ತು ಇಲ್ಲೇ ಇರ್ತೀವಿ ಕಣಕ್ಕಾ" ಎಂದು ಜಗಲಿಯ ಮೇಲೆ ಕಾಲು ಚಾಚಿದರು. ಅತ್ತಿಗೆ ಒಳಗೆ ಹೋಗಿ ಹಳೆಯದೊಂದು ಕೌದಿ ತಂದು ತಮ್ಮನ ತೊಡೆಯ ಮೇಲೆ ಹಾಕಿದರು.

"ತಗಳಪ್ಪ. ಬೆಳಿಗ್ಗೆ ಒಣಗಿದ್ದಂಗೇ ವಾಪಸ್ ಕೊಡ್ಬೇಕು."