ಒಣಗಿದ ಚಿಪ್ಪು

ಗಾಜಿನ ಮನೆಯ ನಿಂಬೆ ಗಿಡದ ರೆಂಬೆಗಳಿಗೆ ಕಂದು ಬಣ್ಣದ ಗುಬುಟುಗಳು ಇನ್ನೂ ಕಚ್ಚಿಕೊಂಡೇ ಇದ್ದವು. ತಿಳಿಯದವರು ತೊಗಟೆಯ ಗಂಟು ಅಂದುಕೊಳ್ಳಬೇಕು, ಅಂಥ ವೇಷ. ಇವು ಚಿಪ್ಪು ಹೊದ್ದು, ಕೂತಲ್ಲೇ ಕೂತು ಗಿಡದ ರಸ ಹೀರುವ ಶಲ್ಕ ಕೀಟಗಳೆಂದು ದೊಡ್ಡ ಸೊಸೆಗೆ ಗೊತ್ತು. ಈ ಸಸಿ ಮಾರುವ ಕೆಲಸ ಕಟ್ಟಿ ಬೆಳೆಸಿದವಳೇ ಅವಳು. ವಾರಗಿತ್ತಿ ಬಂದು ಕೈಜೋಡಿಸಿದ್ದು ಈಚೆಗೆ.

"ಮದ್ದು ಹೊಡೆದೆ ಅಂದೆಯಲ್ಲ?"

"ಹೊಡೆದೆ ಅಕ್ಕಾ. ಎಣ್ಣೆ, ಸೋಪು ಕಲಸಿ, ಎಲೆ ಅಡಿಗೂ ಬಿಡದೆ."

"ಹಾಗಾದ್ರೆ ಇವರೇನು, ನೆಂಟರಾ? ಊಟ ಮುಗಿಸ್ಕೊಂಡು ಹೋಗ್ತಾರಾ?"

ವಾರಗಿತ್ತಿ ನಗಲು ಹೋಗಿ, ತಲೆ ತಗ್ಗಿಸಿ ಕುಂಡ ಒರೆಸತೊಡಗಿದಳು. ಅದೇ ದೊಡ್ಡವಳಿಗೆ ಸಾಕ್ಷಿಯಾಯಿತು. ಬೆಳಿಗ್ಗೆಯೇ ಅವಳು ಗಂಡನ ಕಿವಿಗೆ ಹಾಕಿದ್ದಳು: "ನಿಮ್ಮ ತಮ್ಮನ ಹೆಂಡತಿ ಮೈಗಳ್ಳಿ, ಮೇಲೆ ಸುಳ್ಳು ಬೇರೆ. ನಾಳೆಯಿಂದ ಇಲ್ಲಿಗೆ ಬರೋದು ಬೇಡ." "ಸರಿಯಾಗಿ ನೋಡಿ ಹೇಳು. ನಿನ್ನ ಮಾತೇ ಕೊನೆ," ಎಂದಿದ್ದ ಅವನು.

ನೋಡುವುದೇನಿದೆ ಇದರಲ್ಲಿ? ಆದರೂ ಕನ್ನಡಕ ಏರಿಸಿ ಒಂದು ಗುಬುಟನ್ನು ಉಗುರಿನಿಂದ ಕೆರೆದಳು. ಜೀವಂತ ಹುಳವಾದರೆ ಒಡೆದು ಬೆರಳಿಗೆ ಪಿಚಕ್ಕೆಂದು ರಸ ಹತ್ತಬೇಕು. ಇದು ಹೊಟ್ಟಿನಂತೆ ಉದುರಿತು. ಇನ್ನೊಂದು ಕೆರೆದಳು, ಅದೂ ಹೊಟ್ಟು. ಹೊಸ ಚಿಗುರನ್ನು ಮುಟ್ಟಿದಳು. ಅಂಟಿಲ್ಲ. ಹುಳ ಸುರಿಸುವ ಸಿಹಿ ಅಂಟಿಗೆ ಸಾಲುಗಟ್ಟುತ್ತಿದ್ದ ಇರುವೆಗಳೂ ಇಲ್ಲ. ಹುಳ ಸತ್ತರೂ ಚಿಪ್ಪು ಗಿಡ ಬಿಡುವುದಿಲ್ಲವೆಂದು ಕೊಳ್ಳುವವರಿಗೆಲ್ಲ ಹೇಳಿಕೊಟ್ಟವಳು ತಾನೇ. ಮತ್ತೆ ಇಷ್ಟು ಹೊತ್ತು ಯಾಕೆ ಮುಟ್ಟಿ ನೋಡಲಿಲ್ಲ?

ಸಸಿ ಕೊಳ್ಳಲು ಬಂದವರು ಇತ್ತೀಚೆಗೆ ಬಾಗಿಲಲ್ಲೇ ನಿಂತು, ವಾರಗಿತ್ತಿಯನ್ನೇ ಹುಡುಕುತ್ತಾ "ಸಣ್ಣಮ್ಮ ಇಲ್ವಾ?" ಎಂದು ಕೇಳುತ್ತಿದ್ದರು. ಅದು ನೆನಪಾಗಿ ಅವಳ ಮುಖ ಬಿಸಿಯಾಯಿತು.

ಅಷ್ಟರಲ್ಲಿ ಗಂಡ ಬಾಗಿಲಿಗೆ ಬಂದ. "ಏನು ತೀರ್ಮಾನ? ನಾಳೆಯಿಂದ ಇವಳು ಬರೋದು ಬೇಡ್ವಾ?"

ಕುಂಡ ಒರೆಸುತ್ತಿದ್ದ ವಾರಗಿತ್ತಿಯ ಕೈ ನಿಂತಿತು.

ತಾನು ಸುಳ್ಳು ಹೇಳಿದರೂ ಯಾರೂ ಚಿಪ್ಪು ಕೆರೆದು ನೋಡುವುದಿಲ್ಲ. ದೊಡ್ಡವಳಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಹುಳ ಎಲ್ಲಾ ಸತ್ತಿವೆ. ಇವಳು ಹೇಳಿದ್ದು ನಿಜ," ಎಂದಳು.

ಗಂಡ ಹೆಗಲು ಕುಣಿಸಿ ಹೊರಟುಹೋದ.

"ನನ್ನನ್ನೇ ಕೇಳಬಹುದಿತ್ತಲ್ಲ ಅಕ್ಕಾ."

"ಕೇಳಿದೆನಲ್ಲ."

"ಕೇಳಿದ್ರಿ. ನಂಬೋದಕ್ಕೆ ಕೇಳಿರಲಿಲ್ಲ."

ವಾರಗಿತ್ತಿ ಪಕ್ಕದ ಕುಂಡ ಎಳೆದುಕೊಂಡು ಒಂದು ಚಿಪ್ಪು ಕೆರೆದಳು. ಉಗುರನ್ನು ಅಕ್ಕನ ಕಣ್ಣ ಮುಂದೆ ಹಿಡಿದಳು.

"ಒಣಗಿದೆ. ನೋಡಿದ್ರಾ?"

"ಸಾಕು ಮಾರಾಯ್ತಿ."

"ಇದೂ ಒಣಗಿದೆ. ನೋಡಿ."

ದೊಡ್ಡವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು. ಸಾಲಿನಲ್ಲಿ ಇನ್ನೂ ಬೇಕಾದಷ್ಟು ಕುಂಡಗಳಿದ್ದವು.